ರೈಡರ್‌ಗೆ ರೀಲ್ಸ್, ಹಿಡಿತಗಾರನಿಗೆ ಏನು? ಪ್ರೊ ಕಬಡ್ಡಿ ಹೊಸ ಹುಡುಗರನ್ನು ಆರಿಸುವ ಲೆಕ್ಕಾಚಾರ

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆ ಮಳೆ ನಿಂತು ಗದ್ದೆ ಕೊಯ್ಲು ಮುಗಿಯಿತು ಅಂದರೆ ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ’ದ ಫ್ಲೆಕ್ಸ್‌ಗಳು ಏಳುತ್ತವೆ. ರಾತ್ರಿಯಿಡೀ ಆಟ, ಮೈಕಿನಲ್ಲಿ ಬಿಡುವಿಲ್ಲದ ವೀಕ್ಷಕ ವಿವರಣೆ, ಬೆಳಗಿನ ಜಾವ ಬಹುಮಾನ ವಿತರಣೆ. ಕೊನೆಗೆ ಮೂರು ವೈಯಕ್ತಿಕ ಬಹುಮಾನ: ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ ಆಟಗಾರ. ಊರಿನ ಅಂಕಣದಲ್ಲಿ ದಾಳಿಗಾರನಿಗೂ ಹಿಡಿತಗಾರನಿಗೂ ಸಿಗೋದು ಹೆಚ್ಚುಕಮ್ಮಿ ಒಂದೇ ಅಳತೆಯ ಟ್ರೋಫಿ.

ಆದರೆ ಆ ರಾತ್ರಿ ಮುಗಿದ ಮೇಲೆ ಇಬ್ಬರ ದಾರಿ ಬೇರೆ. ದಾಳಿಗಾರನ ಮೂರು ಅಂಕದ ರೈಡ್ ಮರುದಿನವೇ ಮೊಬೈಲಿನಿಂದ ಮೊಬೈಲಿಗೆ ಓಡುತ್ತದೆ. ಎದುರಾಳಿಯನ್ನು ಇಡೀ ಪಂದ್ಯ ತನ್ನ ಮೂಲೆಗೆ ಬರದಂತೆ ನೋಡಿಕೊಂಡ ಕಾರ್ನರ್ ಹುಡುಗನ ಆಟಕ್ಕೆ ರೀಲ್ಸ್ ಮಾಡೋದು ಹೇಗೆ? ಏನೂ ಆಗದಂತೆ ನೋಡಿಕೊಂಡದ್ದೇ ಅವನ ಕೆಲಸ. ಕಣ್ಣಿಗೆ ಬೀಳದ ಈ ಕೆಲಸಕ್ಕೆ ಕಬಡ್ಡಿ ಮಾರುಕಟ್ಟೆ ಹೇಗೆ ಬೆಲೆ ಕಟ್ಟುತ್ತದೆ, ಹೊಸ ಹಿಡಿತಗಾರರನ್ನು ಹೇಗೆ ಆರಿಸುತ್ತದೆ, ಅದರಲ್ಲಿ ನಮ್ಮ ಕಡೆಯ ಹುಡುಗರು ಎಲ್ಲಿ ನಿಲ್ಲುತ್ತಾರೆ ಅನ್ನೋದನ್ನು ಬಿಡಿಸಿ ನೋಡೋಣ.

ಹರಾಜು ಮತ್ತು ಹರಾಜಿನ ಹೊರಗಿನ ಬಾಗಿಲು

ಪ್ರೊ ಕಬಡ್ಡಿ ಲೀಗ್ ಶುರುವಾದದ್ದು 2014ರಲ್ಲಿ, 8 ತಂಡಗಳೊಂದಿಗೆ. ಆ ವರ್ಷದ ಹರಾಜಿನಲ್ಲಿ ಅತಿ ದುಬಾರಿ ಆಟಗಾರ ರಾಕೇಶ್ ಕುಮಾರ್. ಪಟ್ನಾ ಪೈರೇಟ್ಸ್ ಕೊಟ್ಟದ್ದು 12.8 ಲಕ್ಷ ರೂಪಾಯಿ. 2017ರಿಂದ ತಂಡಗಳು 12 ಆದವು. 2023ರಲ್ಲಿ ತೆಲುಗು ಟೈಟನ್ಸ್ ತಂಡ ಪವನ್ ಸೆಹ್ರಾವತ್‌ಗೆ ಕೊಟ್ಟದ್ದು 2.605 ಕೋಟಿ. ಹತ್ತೇ ವರ್ಷದಲ್ಲಿ ಇಪ್ಪತ್ತು ಪಟ್ಟು!

ಹರಾಜಿಗೆ ಬರುವ ಆಟಗಾರರನ್ನು ಎ, ಬಿ, ಸಿ, ಡಿ ಅಂತ ನಾಲ್ಕು ವರ್ಗ ಮಾಡುತ್ತಾರೆ. ಮೂಲ ಬೆಲೆ ಕ್ರಮವಾಗಿ 30, 20, 13 ಮತ್ತು 9 ಲಕ್ಷ. ಒಂದು ತಂಡ ಖರ್ಚು ಮಾಡಬಹುದಾದ ಒಟ್ಟು ಮೊತ್ತ 5 ಕೋಟಿ. 2025ರ ಹರಾಜಿನಲ್ಲಿ ಗುಜರಾತ್ ಜೈಂಟ್ಸ್ ತಂಡ ಇರಾನಿನ ಮೊಹಮ್ಮದ್‌ರೆಜಾ ಶಾದ್ಲುಯಿ ಒಬ್ಬನಿಗೇ 2.23 ಕೋಟಿ ಕೊಟ್ಟಿತು. ಉಳಿದದ್ದು 2.77 ಕೋಟಿ. ಮಿಕ್ಕ ತಂಡವನ್ನು ಅಷ್ಟರಲ್ಲೇ ಕಟ್ಟಬೇಕು.

ಅಲ್ಲೇ ಹೊಸ ಹುಡುಗರ ಅಗತ್ಯ ಬರೋದು. ದೊಡ್ಡ ಹೆಸರಿಗೆ ಹಣ ಸುರಿದ ತಂಡ ಉಳಿದ ಜಾಗಗಳನ್ನು ಕಡಿಮೆ ಬೆಲೆಗೆ ತುಂಬಲೇಬೇಕು. ಅದಕ್ಕೆಂದೇ ಹರಾಜಿನ ಹೊರಗೆ ಇನ್ನೊಂದು ಬಾಗಿಲು ಇದೆ. ಅದರ ಹೆಸರು ‘ನ್ಯೂ ಯಂಗ್ ಪ್ಲೇಯರ್’, ಚಿಕ್ಕದಾಗಿ ಎನ್‌ವೈಪಿ. 2017ರಲ್ಲಿ ಲೀಗ್ ಶುರು ಮಾಡಿದ ‘ಫ್ಯೂಚರ್ ಕಬಡ್ಡಿ ಹೀರೋಸ್’ ಪ್ರತಿಭಾ ಶೋಧ ಈ ದಾರಿಯನ್ನು ಅಗಲ ಮಾಡಿತು. ಈ ಹುಡುಗರ ಮೇಲೆ ಬಿಡ್ ಕೂಗುವುದಿಲ್ಲ. ತಂಡ ನೇರವಾಗಿ ಆರಿಸಿ ಸಹಿ ಮಾಡಿಸಿಕೊಳ್ಳುತ್ತದೆ, ಮುಂದಿನ ಸೀಸನ್‌ಗೂ ಉಳಿಸಿಕೊಳ್ಳಬಹುದು. 2025ರ ಹರಾಜಿಗೆ ಮೊದಲು ತಂಡಗಳು ಉಳಿಸಿಕೊಂಡ 83 ಆಟಗಾರರಲ್ಲಿ 35 ಮಂದಿ ಹಿಂದೆ ಎನ್‌ವೈಪಿಯಾಗಿ ಸೇರಿದ್ದವರು. ಅಂದರೆ ಲೀಗಿನ ಬೆನ್ನೆಲುಬಿನಲ್ಲಿ ಒಂದು ದೊಡ್ಡ ಭಾಗ ಹರಾಜಿನ ಸುತ್ತಿಗೆ ಸದ್ದನ್ನೇ ಕೇಳದೆ ಬಂದದ್ದು.

ದಬಾಂಗ್ ಡೆಲ್ಲಿಗೆ ನವೀನ್ ಕುಮಾರ್ ಹೀಗೆ ಬಂದು ತಾರೆಯಾದ ರೈಡರ್. ಬೆಂಗಳೂರು ಬುಲ್ಸ್‌ಗೆ ಸೌರಭ್ ನಂದಲ್ 2019ರಲ್ಲಿ ಹೊಸ ಹುಡುಗನಾಗಿ ಬಂದು, ರೈಟ್ ಕಾರ್ನರ್‌ನಲ್ಲಿ ನೆಲೆ ನಿಂತು, ಹತ್ತನೇ ಸೀಸನ್‌ನಲ್ಲಿ ತಂಡದ ನಾಯಕನಾದ. ನವೀನ್ ಹೆಸರು ಗೊತ್ತಿರುವ ಎಷ್ಟು ಜನಕ್ಕೆ ಸೌರಭ್ ಹೆಸರು ಗೊತ್ತು?

ಅಂಕಪಟ್ಟಿಯೇ ಒಂದು ಕಡೆ ವಾಲಿದೆ

ಇದು ಬರೀ ಅಭಿಮಾನಿಗಳ ತಪ್ಪಲ್ಲ. ಆಟದ ಲೆಕ್ಕವೇ ಹಾಗಿದೆ. ರೈಡರ್ ಒಂದೇ ದಾಳಿಯಲ್ಲಿ ಮೂವರನ್ನು ಮುಟ್ಟಿ ಬಂದರೆ ಮೂರು ಅಂಕ, ಎದುರು ಆರು ಅಥವಾ ಏಳು ಜನ ಇದ್ದಾಗ ಬೋನಸ್ ಗೆರೆ ದಾಟಿದರೆ ಇನ್ನೊಂದು. ಹಿಡಿತಕ್ಕೆ ಸಿಗೋದು ಒಂದೇ ಅಂಕ. ಅಂಕಣದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಾಗ ಹಿಡಿದರೆ ಮಾತ್ರ ‘ಸೂಪರ್ ಟ್ಯಾಕಲ್’, ಎರಡು ಅಂಕ. ಹಾಗಾಗಿಯೇ ರೈಡರ್‌ನ ಹೆಗ್ಗಳಿಕೆ ‘ಸೂಪರ್ 10’, ಹಿಡಿತಗಾರನದ್ದು ‘ಹೈ 5’. ಹೆಸರಲ್ಲೇ ಅರ್ಧಕ್ಕರ್ಧ ವ್ಯತ್ಯಾಸ.

ಲೀಗಿನ ಇಡೀ ಚರಿತ್ರೆ ತೆಗೆದರೂ ಇದೇ. ಪರ್ದೀಪ್ ನರ್ವಾಲ್ ನಿವೃತ್ತಿಯಾಗುವಾಗ ರೈಡ್ ಅಂಕ 1,800ರ ಹತ್ತಿರ. ಹಿಡಿತದಲ್ಲಿ 500 ಅಂಕ ದಾಟಿದ ಮೊದಲಿಗ ಇರಾನಿನ ಫಜಲ್ ಅತ್ರಾಚಲಿ, ಅದೂ ಹತ್ತು ವರ್ಷ ಬೆವರು ಸುರಿಸಿದ ಮೇಲೆ.

ಇದಕ್ಕಿಂತ ಸೂಕ್ಷ್ಮವಾದ ಅನ್ಯಾಯ ಇನ್ನೊಂದಿದೆ. ಹಿಡಿತ ಅನ್ನೋದು ಒಬ್ಬನ ಕೆಲಸವೇ ಅಲ್ಲ. ಕಾರ್ನರ್ ಆಟಗಾರ ಆಂಕಲ್‌ಗೆ ಬೀಳುತ್ತಾನೆ, ರೈಡರ್ ಎಗರುವಷ್ಟರಲ್ಲಿ ಕವರ್ ಆಟಗಾರ ಡ್ಯಾಶ್ ಕೊಡುತ್ತಾನೆ, ಇನ್ನಿಬ್ಬರು ಮಧ್ಯಗೆರೆಯ ದಾರಿ ಮುಚ್ಚುತ್ತಾರೆ. ಅಂಕ ಸಾಮಾನ್ಯವಾಗಿ ಬೀಳೋದು ಒಬ್ಬನ ಲೆಕ್ಕಕ್ಕೆ. ಉಳಿದ ಮೂವರ ಬೆವರಿಗೆ ಪಟ್ಟಿಯಲ್ಲಿ ಅಂಕಣವೇ ಇಲ್ಲ. ಬುಲ್ಸ್ 2019ರ ಜನವರಿಯಲ್ಲಿ ಗುಜರಾತನ್ನು 38-33ರಿಂದ ಸೋಲಿಸಿ ಕಪ್ ಎತ್ತಿದ ಫೈನಲ್ ಬಗ್ಗೆ ಕೇಳಿ ನೋಡಿ. ಎಲ್ಲರೂ ಹೇಳೋದು ಪವನ್‌ನ 22 ಅಂಕ. ಉಳಿದ 16 ಅಂಕ ಎಲ್ಲಿಂದ ಬಂತು ಅಂತ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ.

ಹಾಗಂತ ‘ಹಿಡಿತಗಾರ ಯಾವಾಗಲೂ ಅಗ್ಗ’ ಅಂದುಬಿಟ್ಟರೆ ಅದು ಅರ್ಧ ಸತ್ಯ. ಹರಾಜಿನಲ್ಲಿ ಮೊಟ್ಟಮೊದಲು ಒಂದು ಕೋಟಿ ಮುಟ್ಟಿದ್ದು 2018ರಲ್ಲಿ ಇದೇ ಫಜಲ್, ಯು ಮುಂಬಾ ತಂಡಕ್ಕೆ. 2.23 ಕೋಟಿಯ ಶಾದ್ಲುಯಿ ಪಟ್ಟಿಯಲ್ಲಿ ಆಲ್‌ರೌಂಡರ್ ಆದರೂ ಮೂಲತಃ ಲೆಫ್ಟ್ ಕಾರ್ನರ್. ತಂಡಗಳಿಗೆ ಹಿಡಿತಗಾರನ ಬೆಲೆ ಚೆನ್ನಾಗಿಯೇ ಗೊತ್ತು. ತೊಂದರೆ ಇರೋದು ಬೇರೆ ಕಡೆ: ಸಾಬೀತಾದ ಹಿಡಿತಗಾರನಿಗೆ ಕೋಟಿ, ಸಾಬೀತಾಗಬೇಕಾದ ಹಿಡಿತಗಾರನಿಗೆ ಅನುಮಾನ. ತನ್ನನ್ನು ಸಾಬೀತು ಮಾಡಿಕೊಳ್ಳಲು ಅವನ ಕೈಯಲ್ಲಿ ಪುರಾವೆಯೇ ಇರುವುದಿಲ್ಲ.

ಅಮೆರಿಕದ ‘ಗೋಡೆ’ಗಳ ಕತೆ

ಈ ಒಗಟನ್ನು ಬೇರೆಯವರು ಹೇಗೆ ಬಿಡಿಸಿದ್ದಾರೆ ಅಂತ ನೋಡಬೇಕಾದರೆ ಅಮೆರಿಕನ್ ಫುಟ್‌ಬಾಲ್ ಕಡೆ ಕಣ್ಣು ಹಾಯಿಸಬೇಕು. ಅಲ್ಲಿನ ಎನ್‌ಎಫ್‌ಎಲ್‌ನಲ್ಲಿ ‘ಅಫೆನ್ಸಿವ್ ಲೈನ್’ ಅಂತ ಐದು ಜನರ ಸಾಲು ಇರುತ್ತದೆ. ನಡುವೆ ಒಬ್ಬ ಸೆಂಟರ್, ಅವನ ಎರಡು ಬದಿಗೆ ಗಾರ್ಡ್‌ಗಳು, ತುದಿಗಳಲ್ಲಿ ಟ್ಯಾಕಲ್‌ಗಳು. ಇವರು ಚೆಂಡು ಹಿಡಿದು ಓಡೋದಿಲ್ಲ, ಅಂಕ ಗಳಿಸೋದಿಲ್ಲ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ಎದುರಾಳಿಗಳು ಬೀಳದಂತೆ ಗೋಡೆಯಾಗಿ ನಿಲ್ಲೋದಷ್ಟೇ ಕೆಲಸ. ಇವರ ಹೆಸರು ಟಿವಿಯಲ್ಲಿ ಕೇಳಿಬಂತು ಅಂದರೆ ಬಹುಪಾಲು ಏನೋ ಎಡವಟ್ಟಾಗಿದೆ ಅಂತಲೇ ಅರ್ಥ.

ಅಲ್ಲಿ ಹೊಸಬರ ಆಯ್ಕೆ ಹರಾಜಿನಲ್ಲಿ ಅಲ್ಲ, ‘ಡ್ರಾಫ್ಟ್’ನಲ್ಲಿ. 32 ತಂಡ, ಏಳು ಸುತ್ತು. ಹಿಂದಿನ ವರ್ಷ ಅತಿ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಆಯ್ಕೆ. ಕೆಲಸ ಕಣ್ಣಿಗೆ ಕಾಣದಿದ್ದರೂ ತಂಡಗಳು ಇವರನ್ನು ಬಿಡುವುದಿಲ್ಲ. 2013ರ ಡ್ರಾಫ್ಟ್‌ನಲ್ಲಿ ಮೊದಲ ಎರಡೂ ಆಯ್ಕೆ ಟ್ಯಾಕಲ್‌ಗಳೇ: ಎರಿಕ್ ಫಿಶರ್, ಲ್ಯೂಕ್ ಜೋಕೆಲ್. ಆದರೆ ಅಲ್ಲೂ ಒಳಶ್ರೇಣಿ ಇದೆ. ಕ್ವಾರ್ಟರ್‌ಬ್ಯಾಕ್‌ನ ಬೆನ್ನ ಹಿಂದಿನ ಕುರುಡು ಬದಿ ಕಾಯುವ ಲೆಫ್ಟ್ ಟ್ಯಾಕಲ್‌ಗೆ ಮೊದಲಿನಿಂದಲೂ ಬೇಡಿಕೆ ಜಾಸ್ತಿ, ನಡುವಿನ ಗಾರ್ಡ್‌ಗೆ ಕಮ್ಮಿ. ನಮ್ಮಲ್ಲಿ ಕಾರ್ನರ್‌ಗೆ ಮೊದಲ ಮರ್ಯಾದೆ, ಕವರ್‌ಗೆ ಆಮೇಲೆ. ಥೇಟ್ ಅದೇ.

ಆಟವನ್ನೇ ಆಡದವನನ್ನೂ ಅಲ್ಲಿ ಆರಿಸಿದ್ದುಂಟು. ಜೋರ್ಡನ್ ಮೈಲಾಟಾ ಆಸ್ಟ್ರೇಲಿಯಾದ ರಗ್ಬಿ ಹುಡುಗ. ಅಮೆರಿಕನ್ ಫುಟ್‌ಬಾಲಿನ ಒಂದೇ ಒಂದು ಪಂದ್ಯ ಆಡದ ಅವನನ್ನು 2018ರ ಏಳನೇ ಸುತ್ತಿನಲ್ಲಿ, 233ನೇ ಆಯ್ಕೆಯಾಗಿ ಫಿಲಡೆಲ್ಫಿಯಾ ಈಗಲ್ಸ್ ತೆಗೆದುಕೊಂಡಿತು. ಎರಡು ವರ್ಷ ಅಂಗಳಕ್ಕೆ ಇಳಿಸದೆ ಕಲಿಸಿತು. 2025ರ ಸೂಪರ್ ಬೌಲ್ ಗೆದ್ದಾಗ ಅವನೇ ಲೆಫ್ಟ್ ಟ್ಯಾಕಲ್. ಇದರಿಂದ ಕಲಿಯಬೇಕಾದ ಪಾಠ ಇಷ್ಟೇ. ಕಾಯುವ ಕೆಲಸ ಮಾಡುವವನು ಹುಟ್ಟಿನಿಂದಲೇ ಸಿದ್ಧನಾಗಿ ಸಿಗುವುದಿಲ್ಲ, ತಾಳ್ಮೆಯಿಂದ ತಯಾರು ಮಾಡಬೇಕು. ತಯಾರು ಮಾಡಲು ಸಮಯ ಬೇಕು, ಹಣ ಬೇಕು, ಜಾಗ ಬೇಕು.

ನಮ್ಮ ಹುಡುಗ ಎಲ್ಲಿ ಹಿಂದೆ ಬೀಳುತ್ತಾನೆ?

ಕರಾವಳಿ ಕಬಡ್ಡಿಗೆ ಹೆಸರಿನ ಕೊರತೆ ಇಲ್ಲ. ಕಾರ್ಕಳ ಕಡೆಯ ಸುಕೇಶ್ ಹೆಗ್ಡೆ ಗುಜರಾತ್ ತಂಡದ ನಾಯಕನಾಗಿದ್ದರು. ಪುತ್ತೂರಿನ ಪ್ರಶಾಂತ್ ಕುಮಾರ್ ರೈ ಪಟ್ನಾ ಪೈರೇಟ್ಸ್ ನಾಯಕತ್ವ ವಹಿಸಿದ್ದರು. ಕರಾವಳಿ ಬೇರಿನ ಮುಂಬೈ ಹುಡುಗ ರಿಶಾಂಕ್ ದೇವಾಡಿಗ 2017ರಲ್ಲಿ ಒಂದೇ ಪಂದ್ಯದಲ್ಲಿ 28 ರೈಡ್ ಅಂಕ ತೆಗೆದು ಆಗಿನ ದಾಖಲೆ ಬರೆದರು. ಈ ಮೂವರಲ್ಲಿ ಒಂದು ಸಾಮ್ಯ ಗಮನಿಸಿ. ಮೂವರೂ ರೈಡರ್‌ಗಳು.

ಇದು ಆಕಸ್ಮಿಕ ಅಂತ ಅನ್ನಿಸೋದಿಲ್ಲ. ರೈಡಿಂಗ್ ಒಬ್ಬನೇ ಬೆಳೆಸಿಕೊಳ್ಳಬಹುದಾದ ಕಲೆ. ಚುರುಕು ಕಾಲು, ಧೈರ್ಯ, ಒಂದಿಷ್ಟು ಸ್ವಂತ ಟ್ರಿಕ್ ಇದ್ದರೆ ಮಣ್ಣಿನ ಅಂಕಣದಲ್ಲೂ ಮಿಂಚಬಹುದು. ಹಿಡಿತ ಹಾಗಲ್ಲ. ಎಡ ಕಾರ್ನರ್, ಬಲ ಕಾರ್ನರ್, ಎರಡು ಕವರ್‌ಗಳು ತಿಂಗಳುಗಟ್ಟಲೆ ಒಟ್ಟಿಗೆ ಆಡಿದರೆ ಮಾತ್ರ ಒಬ್ಬನ ಹೆಜ್ಜೆ ಇನ್ನೊಬ್ಬನಿಗೆ ಗೊತ್ತಾಗೋದು. ನಮ್ಮಲ್ಲಿ ತಂಡಗಳು ಹೇಗಿರುತ್ತವೆ? ಯುವಕ ಮಂಡಲದ ಹುಡುಗರು, ಪಂದ್ಯಾಟದ ಹಿಂದಿನ ದಿನ ಕರೆಸಿಕೊಂಡ ಇಬ್ಬರು ‘ಹೊರಗಿನ’ ಆಟಗಾರರು, ಬೆಂಗಳೂರು ಬೇಕರಿಯಿಂದಲೋ ಮುಂಬೈ ಹೋಟೆಲಿನಿಂದಲೋ ರಜೆ ಹಾಕಿ ಬಂದ ಹಳೇ ಕಾರ್ನರ್. ಒಂದು ರಾತ್ರಿಗೆ ಇದು ಸಾಕು. ಲೀಗಿಗೆ ಸಾಲದು.

ಎರಡನೆಯದು ಅಂಕಣ. ಪ್ರೊ ಕಬಡ್ಡಿ ನಡೆಯೋದು ಮ್ಯಾಟ್ ಮೇಲೆ, ಶೂ ಹಾಕಿಕೊಂಡು. ಮಣ್ಣಿನಲ್ಲಿ ಕಾಲು ಜಾರಿಸಿಕೊಂಡು ಆಂಕಲ್‌ಗೆ ಹೋಗಿ ರೂಢಿಯಾದವನು ಮ್ಯಾಟಿನಲ್ಲಿ ಅದೇ ಸಮಯಕ್ಕೆ ಹೋದರೆ ರೈಡರ್ ಆಗಲೇ ಹೊರಟುಹೋಗಿರುತ್ತಾನೆ. ಈಗ ನಮ್ಮಲ್ಲೂ ಮ್ಯಾಟ್ ಪಂದ್ಯಾಟಗಳು ಆಗುತ್ತಿವೆ ನಿಜ. ಆದರೆ ಪಂದ್ಯದ ದಿನ ಬಾಡಿಗೆಗೆ ತಂದು ಹಾಸುವ ಮ್ಯಾಟ್ ಬೇರೆ, ವರ್ಷವಿಡೀ ಅಭ್ಯಾಸಕ್ಕೆ ಸಿಗುವ ಮ್ಯಾಟ್ ಬೇರೆ.

ಮೂರನೆಯದು ಮಳೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಸೂರು ಇಲ್ಲದ ಅಂಕಣಕ್ಕೆ ನಾಲ್ಕು ತಿಂಗಳು ರಜೆ. ಹರ್ಯಾಣದ ಹುಡುಗ ಅಕಾಡೆಮಿಯ ಮ್ಯಾಟಿನಲ್ಲಿ ಬೆವರು ಸುರಿಸುವ ಹೊತ್ತಿಗೆ ಬೈಂದೂರಿನ ಹುಡುಗ ಮಳೆ ಬಿಡೋದನ್ನು ಕಾಯುತ್ತಾ ಕೂತಿರುತ್ತಾನೆ.

ನಾಲ್ಕನೆಯದು ದೇಹ. ಊರಿನ ಪಂದ್ಯಾಟಗಳು ಹೆಚ್ಚಾಗಿ 55, 60 ಕೆಜಿ ವಿಭಾಗದಲ್ಲಿ ನಡೆಯುತ್ತವೆ. ಸೀನಿಯರ್ ಪುರುಷರ ಮಿತಿ 85 ಕೆಜಿ. ಅರವತ್ತು ಕೆಜಿಯ ರೈಡರ್ ಚುರುಕಿನಿಂದ ಬಚಾವಾಗಬಹುದು. ಅರವತ್ತು ಕೆಜಿಯ ಕವರ್ ಆಟಗಾರ ಎಂಬತ್ತು ಕೆಜಿಯವನಿಗೆ ಬ್ಲಾಕ್ ಹಾಕಿದರೆ? ಎಂತ ಆಗ್ತದೆ ಅಂತ ಹೇಳುವ ಅಗತ್ಯ ಇಲ್ಲ. ಆ ಇಪ್ಪತ್ತು ಕೆಜಿ ಗಂಜಿ ಊಟದಿಂದ ಬರೋದಿಲ್ಲ. ಮೊಟ್ಟೆ, ಮಾಂಸ, ಹಾಲು, ಜಿಮ್, ಜೊತೆಗೆ ಮೊಣಕಾಲು ಭುಜ ಹಾಳಾಗದಂತೆ ನೋಡುವ ಫಿಸಿಯೊ, ಎಲ್ಲದಕ್ಕೂ ದುಡ್ಡು ಬೇಕು. ಹಿಡಿತಗಾರ ಆಗೋದು ರೈಡರ್ ಆಗೋದಕ್ಕಿಂತ ದುಬಾರಿ, ಸಂಪಾದನೆ ಮಾತ್ರ ತಡ. ಬಡ ಮನೆಯ ಹುಡುಗ ಯಾವುದನ್ನು ಆರಿಸಿಕೊಳ್ಳುತ್ತಾನೆ ನೀವೇ ಹೇಳಿ.

ಸಹಿ ಹಾಕುವಾಗ ಹುಡುಗನ ಪಕ್ಕ ಯಾರಿರುತ್ತಾರೆ?

ಇಲ್ಲಿಗೆ ವಿಷಯ ಆಟ ಬಿಟ್ಟು ರಾಜಕೀಯಕ್ಕೆ ಬರುತ್ತದೆ. ಬಿಡ್ ಇಲ್ಲದೆ ಸೇರುವ ಹೊಸ ಹುಡುಗನಿಗೆ ಚೌಕಾಶಿ ಮಾಡುವ ಶಕ್ತಿ ಕಡಿಮೆ. ತಂಡ ಹೇಳಿದ್ದಕ್ಕೆ ಸಹಿ, ಇಲ್ಲವಾದರೆ ಹಿಂದೆ ಸರದಿಯಲ್ಲಿ ಇನ್ನೂ ಹತ್ತು ಜನ.

ಅಮೆರಿಕದಲ್ಲೂ ಡ್ರಾಫ್ಟ್ ಅಂದರೆ ಹುಡುಗನ ಆಯ್ಕೆಯ ಹಕ್ಕು ಕಿತ್ತುಕೊಳ್ಳುವುದೇ. ಜೇಮ್ಸ್ ‘ಯಾಜೂ’ ಸ್ಮಿತ್ ಅನ್ನುವ ಆಟಗಾರ 1968ರಲ್ಲಿ ಆಯ್ಕೆಯಾಗಿ, ಮೊದಲ ಸೀಸನ್‌ನಲ್ಲೇ ಕುತ್ತಿಗೆ ಪೆಟ್ಟಿನಿಂದ ಆಟ ಮುಗಿಸಬೇಕಾಯಿತು. ‘ಡ್ರಾಫ್ಟ್ ಇಲ್ಲದಿದ್ದರೆ ನನಗೆ ಬೇಕಾದ ತಂಡದ ಜೊತೆ ಒಳ್ಳೆ ಒಪ್ಪಂದ ಮಾಡಿಕೊಳ್ಳಬಹುದಿತ್ತು’ ಅನ್ನೋದು ಅವನ ವಾದದ ಸಾರ. ಆಗಿನ ಡ್ರಾಫ್ಟ್ ಪದ್ಧತಿ ಕಾನೂನುಬಾಹಿರ ಅಂತ 1978ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಹೇಳಿತು. ಆದರೂ ಡ್ರಾಫ್ಟ್ ಇವತ್ತಿಗೂ ಉಳಿದಿದೆ. ಹೇಗೆ? ಆಟಗಾರರ ಯೂನಿಯನ್ ಕೂತು, ಮಾತಾಡಿ, ಸಾಮೂಹಿಕ ಒಪ್ಪಂದಕ್ಕೆ ಸಹಿ ಮಾಡಿದ್ದರಿಂದ.

ಯೂನಿಯನ್ ಇದ್ದರೆ ಹೊಸಬರಿಗೆ ಎಲ್ಲವೂ ಒಳ್ಳೆಯದೇ ಆಗುತ್ತದೆ ಅಂತಲ್ಲ. 2010ರಲ್ಲಿ ಮೊದಲ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಖಾತರಿ ಹಣವೇ 5 ಕೋಟಿ ಡಾಲರ್. 2011ರ ಒಪ್ಪಂದ ಹೊಸಬರ ಸಂಬಳಕ್ಕೆ ಮಿತಿ ಹಾಕಿತು. ಆ ವರ್ಷದ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಒಟ್ಟು 2.2 ಕೋಟಿ ಡಾಲರ್ ಅಷ್ಟೇ. ಹಳಬರು ಹೊಸಬರ ಪಾಲು ಕತ್ತರಿಸಿದರು ಅನ್ನುವ ಟೀಕೆ ಇದೆ. ಆದರೆ ಏಳನೇ ಸುತ್ತಿನಲ್ಲಿ ಬಂದವನಿಗೂ ಕನಿಷ್ಠ ಎಷ್ಟು ಸಿಗಬೇಕು, ಗಾಯವಾದರೆ ಏನು, ಒಪ್ಪಂದ ಎಷ್ಟು ವರ್ಷ ಅನ್ನೋದು ಬರಹದಲ್ಲಿದೆ, ಯಾರು ಬೇಕಾದರೂ ಓದಬಹುದು. ಪ್ರೊ ಕಬಡ್ಡಿಯಲ್ಲಿ ಅಂಥ ಸಾಮೂಹಿಕ ಒಪ್ಪಂದ ಇಲ್ಲ.

ಹಾಗಾದರೆ ಆಟಗಾರನ ಪರ ನಿಲ್ಲಬೇಕಾದದ್ದು ಯಾರು? ಭಾರತೀಯ ಅಮೆಚೂರ್ ಕಬಡ್ಡಿ ಫೆಡರೇಷನ್. ಅದರ ಕತೆ ಕೇಳಿ. ದಶಕಗಳ ಕಾಲ ಜನಾರ್ದನ್ ಸಿಂಗ್ ಗೆಹ್ಲೋಟ್ ಅಧ್ಯಕ್ಷರು, ಆಮೇಲೆ ಅವರ ಪತ್ನಿ. ಮಾಜಿ ಆಟಗಾರ ಮಹಿಪಾಲ್ ಸಿಂಗ್ ಮತ್ತಿತರರು ನ್ಯಾಯಾಲಯಕ್ಕೆ ಹೋದರು. 2018ರಲ್ಲಿ ದೆಹಲಿ ಹೈಕೋರ್ಟ್ ಆ ನೇಮಕ ರದ್ದು ಮಾಡಿ ಆಡಳಿತಾಧಿಕಾರಿಯನ್ನು ಕೂರಿಸಿತು. ಅಧಿಕಾರ ಚುನಾಯಿತ ಸಮಿತಿಗೆ ಮರಳಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2025ರ ಫೆಬ್ರವರಿಯಲ್ಲಿ. ಲೀಗಿನ ಬೆಲೆಗಳು ಲಕ್ಷದಿಂದ ಕೋಟಿಗೆ ಜಿಗಿದ ವರ್ಷಗಳಲ್ಲೇ ಆಟದ ಸಂಸ್ಥೆ ಕೋರ್ಟ್ ಕಟಕಟೆಯಲ್ಲಿತ್ತು. ಹತ್ತೊಂಬತ್ತು ವರ್ಷದ ಹುಡುಗನ ಒಪ್ಪಂದದಲ್ಲಿ ಏನಿದೆ ಅಂತ ಕೇಳುವವರು ಯಾರು?

ಹುಡುಗಿಯರಿಗೆ ಬಾಗಿಲೇ ಇಲ್ಲ

ಹುಡುಗರಿಗೆ ಬಾಗಿಲು ಕಿರಿದು, ಹುಡುಗಿಯರಿಗೆ ಬಾಗಿಲೇ ಇಲ್ಲ. ಕಾರ್ಕಳದ ಹೆರ್ಮುಂಡೆಯ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡಗಳಲ್ಲಿದ್ದವರು, ಅರ್ಜುನ ಪ್ರಶಸ್ತಿ ಪಡೆದವರು. 2016ರಲ್ಲಿ ಪ್ರೊ ಕಬಡ್ಡಿ ಜೊತೆಗೇ ಮೂರು ತಂಡಗಳ ‘ವಿಮೆನ್ಸ್ ಕಬಡ್ಡಿ ಚಾಲೆಂಜ್’ ನಡೆಯಿತು, ಅದರಲ್ಲಿ ಮಮತಾ ಒಂದು ತಂಡದ ನಾಯಕಿ. ಮುಂದಿನ ವರ್ಷ ಪುರುಷರ ತಂಡಗಳು 12 ಆದವು, ಮಹಿಳೆಯರ ಟೂರ್ನಿ ಮುಂದುವರಿಯಲಿಲ್ಲ. ಬೈಂದೂರಿನ ಶಾಲೆಯಲ್ಲಿ ಕಾರ್ನರ್ ಆಡುವ ಹುಡುಗಿ ಯಾವ ಹರಾಜನ್ನು ನೋಡಿ ಕನಸು ಕಟ್ಟಬೇಕು?

ಹಾಗಾದರೆ ಏನು ಕೇಳಬೇಕು?

ಕ್ರೀಡೆಯಿಂದ ಬದುಕು ಕಟ್ಟಿಕೊಂಡವರು ನಮ್ಮ ನಡುವೆಯೇ ಇದ್ದಾರೆ. ಕುಂದಾಪುರ ಕಡೆಯ ವಂಡ್ಸೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಭಾರ ಎತ್ತಿ ಬೆಳ್ಳಿ ತಂದರು, 2022ರಲ್ಲಿ ಕಂಚು. ಪಿಕಪ್ ಚಾಲಕನ ಮಗನಿಗೆ ಉಜಿರೆಯ ಕಾಲೇಜಿನಲ್ಲಿ ತರಬೇತಿ ಸಿಕ್ಕಿತು, ವಾಯುಪಡೆಯಲ್ಲಿ ಕೆಲಸ ಸಿಕ್ಕಿತು. ಪ್ರತಿಭೆಗೆ ತರಬೇತಿ ಮತ್ತು ಸಂಬಳ ಎರಡೂ ಸೇರಿದ ಮೇಲೆ ಪದಕ ಬಂತು. ಕಬಡ್ಡಿ ಹಿಡಿತಗಾರನಿಗೆ ಬೇಕಾದದ್ದೂ ಇದೇ ಎರಡು.

ಹಾಗಾಗಿ ಬೇಡಿಕೆಗಳು ದೊಡ್ಡವೇನಲ್ಲ. ಮೂರೂ ತಾಲೂಕುಗಳಲ್ಲಿ ಸೂರು ಇರುವ, ಮಳೆಗಾಲದಲ್ಲೂ ತೆರೆದಿರುವ ಒಂದೊಂದು ಮ್ಯಾಟ್ ಅಂಕಣ. ಅಲ್ಲಿ ಸಂಬಳ ಪಡೆಯುವ ತರಬೇತುದಾರ, ವಾರಕ್ಕೆ ಎರಡು ದಿನವಾದರೂ ಫಿಸಿಯೊ. ಪಂದ್ಯಾಟ ನಡೆಸುವ ಸಂಘಗಳು ಟ್ಯಾಕಲ್ ಪ್ರಯತ್ನ, ಯಶಸ್ಸು, ನೆರವು ಇಷ್ಟನ್ನಾದರೂ ಬರೆದಿಡಲಿ. ಒಂದು ನೋಟ್‌ಬುಕ್, ಲೆಕ್ಕ ಬರೆಯುವ ಇಬ್ಬರು ಹುಡುಗರು ಸಾಕು. ಹೇಗೂ ಯೂಟ್ಯೂಬ್ ಲೈವ್ ಇರುತ್ತದೆ, ರೈಡರ್‌ನ ಕ್ಲಿಪ್ ಜೊತೆಗೆ ಹಿಡಿತಗಾರನ ಪುರಾವೆಯೂ ಆಯ್ಕೆಗಾರರ ಕೈಗೆ ಸಿಗಲಿ. ಲೀಗಿನಿಂದ ಕೇಳಬೇಕಾದದ್ದು ಒಂದೇ: ಹರಾಜಿನ ಬೆಲೆಯನ್ನು ಟಿವಿಯಲ್ಲಿ ಕೂಗಿ ಹೇಳುವವರು ಹೊಸ ಹುಡುಗರ ಒಪ್ಪಂದದ ಷರತ್ತುಗಳನ್ನೂ ಬಹಿರಂಗ ಮಾಡಲಿ. ಗಾಯವಾದರೆ ಚಿಕಿತ್ಸೆ ಯಾರದ್ದು, ಸಂಬಳ ಎಷ್ಟು ದಿನ ಅನ್ನೋದು ಸಹಿಗೆ ಮೊದಲೇ ಗೊತ್ತಿರಲಿ.

ಪಂದ್ಯಾಟದ ಫ್ಲೆಕ್ಸ್‌ಗಳಲ್ಲಿ ಎಲ್ಲ ಪಕ್ಷದ ನಾಯಕರೂ ಕೈಮುಗಿದು ನಿಂತಿರುತ್ತಾರೆ. ಬಹುಮಾನದ ಮೊತ್ತಕ್ಕೆ, ಟ್ರೋಫಿಗೆ ಅವರ ಕೊಡುಗೆ ಇರುತ್ತದೆ, ಹೆಸರೂ ಮೈಕಿನಲ್ಲಿ ಬರುತ್ತದೆ. ಒಂದು ರಾತ್ರಿಯ ಟ್ರೋಫಿ ಕೊಡೋದು ಸುಲಭ. ವರ್ಷವಿಡೀ ಸೋರದ ಮಾಡು ಕೊಡೋದು ಆಡಳಿತದ ಕೆಲಸ, ಅದಕ್ಕೆ ಚಪ್ಪಾಳೆ ಕಮ್ಮಿ. ಮುಂದಿನ ಸಲ ಅವರು ವೇದಿಕೆ ಹತ್ತಿದಾಗ ಕೇಳಲು ನಿಮ್ಮ ಬಳಿ ಒಂದು ಪ್ರಶ್ನೆ ಇದೆ: ಜುಲೈ ತಿಂಗಳಲ್ಲಿ ನಮ್ಮ ಕಾರ್ನರ್ ಹುಡುಗ ಎಲ್ಲಿ ಅಭ್ಯಾಸ ಮಾಡಬೇಕು?